ಬೆನಕಪ್ಪ ಡಾಕ್ಟರ ಕೈಗೊಂದು ಕಾವಲು

ಕೂಡ್ಲಿಗಿಯಿಂದ ಹಡಗಲಿಯವರೆಗೆ, ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ, ಹೊಟ್ಟೆಯ ಮೇಲೆ ಹೊಲಿಗೆಯ ಗುರುತು ಹೊತ್ತವರನ್ನು ನಿಲ್ಲಿಸಿ ಕೇಳಿದರೆ ಬಹುಪಾಲು ಜನ ಅಭಿಮಾನದಿಂದ ಹೇಳುವ ಹೆಸರು ಡಾ. ಬೆನಕಪ್ಪನವರದು. ಮೂರು ದಶಕ ಈ ಸೀಮೆಗೆ ಆಸರೆಯಾಗಿದ್ದು ಈಗ ನಿವೃತ್ತರಾಗುತ್ತಿರುವ ಈ ಸರ್ಜನ್ನರ ಕೌಶಲವನ್ನು ಬಲ್ಲವರು ಈ ಅಭಿನಂದನ ಸಂಪುಟದಲ್ಲಿ ಬಣ್ಣಿಸಿದ್ದಾರೆ. ಆದರೆ ಆ ಕೈಯನ್ನು ಎಲ್ಲರಿಗಿಂತ ಹತ್ತಿರದಿಂದ ಕಂಡವರು ಆಪರೇಷನ್ ಥಿಯೇಟರಿನ ಸಿಸ್ಟರ್ ಗಂಗಾಂಬಿಕಾ. ಬರೆಯಿರಿ ಎಂದರೆ ಮಾರುದೂರ ಓಡುವವರು ಅವರು. ಆದ್ದರಿಂದ ಅವರ ಕಥೆಯನ್ನು ಸಹೋದ್ಯೋಗಿಯೊಬ್ಬ ಹೇಳಬೇಕಾಗಿದೆ.

ಸಿಸ್ಟರು ಕೆಲಸಕ್ಕೆ ಸೇರಿದ ಹೊಸತರಲ್ಲೇ ಡಾಕ್ಟರು ಅವರ ತಲೆಗೊಂದು ಹೊರೆ ಹೊರಿಸಿದರು. ತಾವು ಕಲಿಯುತ್ತಿದ್ದಾಗ ಹಿರಿಯ ಸರ್ಜನ್ ಒಬ್ಬರ ಕೈ ನಡುಗುವುದನ್ನು ಎಲ್ಲರೂ ಕಂಡಿದ್ದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಎಲ್ಲರೂ ಸುಮ್ಮನಿದ್ದರು. ಅದನ್ನು ಡಾಕ್ಟರು ಮರೆತಿರಲಿಲ್ಲ. "ನನ್ನ ಕೈ ತಪ್ಪಿದ ದಿನ ನೀವ ನನಗ ಹೇಳಬೇಕ್ರಿ, ಸಿಸ್ಟರ್. ಆವತ್ತ ಕತ್ತರಿ ಕೆಳಗಿಡತೀನಿ," ಎಂದರು. ಅಂಥ ದೊಡ್ಡವರಿಗೆ ಅಂಥ ಮಾತು ಹೇಳುವುದೇ! ಅಂದಿನಿಂದ ಸಿಸ್ಟರ ಒಂದು ಕಣ್ಣು ಟ್ರೇ ಮೇಲೆ, ಇನ್ನೊಂದು ಆ ಬೆರಳುಗಳ ಮೇಲೆ.

ಆ ಬೆರಳುಗಳೇನು ಸಾಮಾನ್ಯವೆ? ಆಸ್ಪತ್ರೆಗೆ ಹೊರಡುವ ಮುನ್ನ ಮಗಳಿಗೆ ಎರಡು ಜಡೆ ಹೆಣೆದು ರಿಬ್ಬನ್ ಕಟ್ಟುತ್ತಿದ್ದುದೂ ಅವೇ; ಸಂಜೆ ಶಾಲೆ ಬಿಟ್ಟರೂ ಗಂಟು ಸಡಿಲವಾಗುತ್ತಿರಲಿಲ್ಲ. ತಂಬ್ರಹಳ್ಳಿಯ ಅಜ್ಜಿ ಜೋಗಮ್ಮ ಆಪರೇಷನ್ನಿಗೆ ಹೆದರಿ ಮಂಚ ಬಿಟ್ಟಿಳಿದಾಗ, ಆಕೆಯ ಕೆದರಿದ ಕೂದಲು ಬಾಚಿ ಜಡೆ ಹಾಕುತ್ತಲೇ ಡಾಕ್ಟರು ಧೈರ್ಯ ತುಂಬಿದ್ದರು. "ಯಪ್ಪಾ, ನನ್ನ ಸಾಲಿ ಹುಡುಗಿ ಮಾಡಿಬಿಟ್ಟಿ," ಎಂದು ನಕ್ಕ ಅಜ್ಜಿ ತಾನಾಗಿಯೇ ಒಳಗೆ ನಡೆದಳು.

ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ, ತುರ್ತು ಕರೆಗೆ ಓಡಿಬಂದ ಡಾಕ್ಟರು ಕರುಳಿನ ಆಪರೇಷನ್ ಶುರುಮಾಡಿದರು. ದೀಪ ಹತ್ತಿರ ತರಲು ಹೇಳಿದರು, ಮತ್ತೆ ಹೇಳಿದರು. ಸೂಜಿ ಪಕ್ಕಕ್ಕೆ ಹೋಯಿತು. ತೆಗೆದು ಹಾಕಿದರೆ ಮತ್ತೂ ಪಕ್ಕಕ್ಕೇ. ಸಿಸ್ಟರು ಟ್ರೇ ಬಿಟ್ಟು ಆ ಬೆರಳುಗಳನ್ನೇ ನೋಡಿದರು. ಸುಮ್ಮನಿದ್ದರೆ ಟೇಬಲ್ ಮೇಲಿನ ಜೀವಕ್ಕೆ ಅಪಾಯ. ಹೇಳಿದರೆ ದೇವರಂಥ ಮನುಷ್ಯನ ಕಸುಬೇ ಮುಗಿದಂತೆ. ಕೊನೆಗೂ ಹೇಳಿಯೇಬಿಟ್ಟರು: "ಸರ್, ಸಾಕ್ರಿ. ಕೈ ತಗೀರಿ."

ಡಾಕ್ಟರು ಕೂಡಲೇ ಕೈ ತೆಗೆದರು. ಎದುರಿಗಿದ್ದ ಯುವ ಸರ್ಜನ್ ಕ್ರಾಂತಿಕುಮಾರರಿಗೆ ಸೂಜಿ ಕೊಟ್ಟು, ಮುಗಿಯುವವರೆಗೂ ಪಕ್ಕದಲ್ಲೇ ನಿಂತು ಹೇಳಿಕೊಟ್ಟರು. ರೋಗಿಗೆ ಏನೂ ತೊಂದರೆಯಾಗಲಿಲ್ಲ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕುಳಿತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು. ಸಿಸ್ಟರು ಗೋಡೆಗೆ ಮುಖಮಾಡಿ ಅಳುತ್ತಿದ್ದರು.

ಅಷ್ಟರಲ್ಲಿ ಡಾಕ್ಟರ ಪತ್ನಿ ನಾಗಲಿಂಗಮ್ಮನವರು ಏದುಸಿರು ಬಿಡುತ್ತ ಬಂದರು. "ನನ್ನ ಚಸ್ಮಾ ಕೊಡ್ರಿ ಮೊದ್ಲ. ನಿಮ್ಮದು ಹಾಕ್ಕೊಂಡು ಅಕ್ಕಿ ಆರಸಾಕ ಕುಂತ್ರ ಕಲ್ಲ್ಯಾವ್ದು, ಅಕ್ಕಿ ಯಾವ್ದು ತಿಳೀವಲ್ದು."

ಗಂಡಹೆಂಡತಿ ಕೊಟ್ಟೂರಿನ ಒಂದೇ ಅಂಗಡಿಯಲ್ಲಿ ಜೋಡಿಯಾಗಿ ಕೊಂಡ, ಒಂದೇ ಥರದ ಫ್ರೇಮು! ಗಡಿಬಿಡಿಯಲ್ಲಿ ಅದಲುಬದಲಾಗಿತ್ತು. ಸಿಸ್ಟರಿಗೆ ಹೋದ ಜೀವ ಬಂದಂತಾಯಿತು, ಅಳುತ್ತಲೇ ನಕ್ಕರು. ಕ್ಷಮೆ ಕೇಳಹೋದರೆ ಡಾಕ್ಟರೇ ಕೈಮುಗಿದು, ಹೀಗೇ ಕಾಯುತ್ತಿರಬೇಕೆಂದು ಬೇಡಿಕೊಂಡರು.

ಕಳೆದ ತಿಂಗಳು ಕೊನೆಯ ಆಪರೇಷನ್ ಮುಗಿಸಿ ಗ್ಲೌಸ್ ಕಳಚುತ್ತ ಅವರು ಕೇಳಿದರು: "ಸಿಸ್ಟರ್, ಹೇಳೂದು ಏನಾರ ಐತೇನ್ರಿ?"

"ಏನೂ ಇಲ್ರಿ ಸರ್," ಎಂದರು ಗಂಗಾಂಬಿಕಾ. "ಇಷ್ಟು ವರ್ಷ ನಿಮ್ಮ ಕೈನ ನೋಡೀನಿ. ಇನ್ನರ ನಿಮ್ಮ ಮುಖ ನೋಡಿ ಮಾತಾಡತೀನ್ರಿ."

ಮೊಮ್ಮಗಳ ಜಡೆಗೂ, ಕಲಿಯಬಂದ ಎಳೆಯ ಸರ್ಜನ್ನರಿಗೂ ಆ ಬೆರಳುಗಳು ಇನ್ನೂ ಬಹುಕಾಲ ಒದಗಲಿ. ಅವುಗಳ ಒಡೆಯರಿಗೆ ನಿಡಿದಾದ, ನೆಮ್ಮದಿಯ ಆಯುಷ್ಯವಿರಲಿ. ಚಸ್ಮಾ ಮಾತ್ರ ದಯವಿಟ್ಟು ನೋಡಿ ಹಾಕಿಕೊಳ್ಳಲಿ.