‘ಕೂತ್ಕೊಳ್ಳಿ’ ಎನ್ನುವುದೇ ಈ ದೋಣಿಯಕ್ಕನ ಕೆಲಸ

ಬೆಳಕು ಹರಿಯುವ ಹೊತ್ತು. ಭೂಗೋಳದ ದಕ್ಷಿಣದ ತುತ್ತತುದಿಯ ಈ ಪುಟ್ಟ ಬಂದರಿನಲ್ಲಿ ದೋಣಿಗಳಿನ್ನೂ ಕಟ್ಟಿದಲ್ಲೇ ತೂಗುತ್ತಿವೆ. ಕಟ್ಟೆಯ ಹಲಗೆಗಳ ಮೇಲೆ ಮೀಸೆ ಹೊತ್ತ ಕಡಲಪ್ರಾಣಿ, ಸೀಲೊಂದು ಅಡ್ಡಡ್ಡ ಮಲಗಿದೆ. ಅದರೆದುರು ಪೊರಕೆ ಹಿಡಿದು ನಿಂತಿದ್ದಾರೆ ದೋಣಿಯಕ್ಕ.

“ಏಳಪ್ಪಾ. ನಿನ್ನ ಎಬ್ಬಿಸೋದೂ ನಂದೇ ಕೆಲಸನಾ?”

ಸೀಲ್ ಒಂದು ಕಣ್ಣು ತೆರೆದು ಮತ್ತೆ ಮುಚ್ಚುತ್ತದೆ. ಅಕ್ಕ ಅದನ್ನು ಸುತ್ತಿ ಬಳಸಿ ದೋಣಿಗಿಳಿದು, ನಿನ್ನೆಯವರು ವಾಂತಿ ಮಾಡಿಹೋದ ಬೆಂಚು ಉಜ್ಜತೊಡಗುತ್ತಾರೆ.

ಸೀಲ್, ಡಾಲ್ಫಿನ್, ಅದೃಷ್ಟವಿದ್ದರೆ ತಿಮಿಂಗಿಲ: ಇವನ್ನು ತೋರಿಸಿಕೊಂಡು ಬರುವ ದೋಣಿ ಇದು. ದಿನಕ್ಕೆ ಮೂರು ನಾಲ್ಕು ಸುತ್ತು. ಚುಕ್ಕಾಣಿ ಗಂಡನದು, ಮಿಕ್ಕಿದ್ದೆಲ್ಲ ಅಕ್ಕನದು. ಹಿಂದೆ ಇದೇ ದೋಣಿಯಲ್ಲಿ ಇಬ್ಬರೂ ಬಲೆ ಬೀಸುತ್ತಿದ್ದರು. ಮೀನು ಕಡಿಮೆಯಾಗುತ್ತ ಬಂದು, ಬಲೆಯ ಜಾಗದಲ್ಲಿ ಬೆಂಚುಗಳು ಬಂದವು. “ಮೀನುಗಳೇ ವಾಸಿ. ಲೈಫ್ ಜಾಕೆಟ್ ಸೆಕೆ ಅಂತ ಗೊಣಗ್ತಿರಲಿಲ್ಲ,” ಎನ್ನುತ್ತಾರೆ. ಗಂಡನ ಮೇಲೂ ದೂರಿದೆ. “ಯಾರೇನು ಕೇಳಿದ್ರೂ ‘ಆಯ್ತು’ ಅಂತಾರೆ. ‘ಆಗಲ್ಲ’ ಅನ್ನೋದನ್ನೆಲ್ಲ ನನ್ನ ತಲೆಗೆ ಕಟ್ಟಿದ್ದಾರೆ. ಊರಿಗೆಲ್ಲ ಅವರು ಒಳ್ಳೆಯವರು, ನಾನು ಜಗಳಗಂಟಿ.”

ನಾನೂ ಹತ್ತಿದ ಸುತ್ತಿನಲ್ಲಿ ಒಬ್ಬ ಟೋಪಿಯವರಿದ್ದಾರೆ. ಸೀಲ್‌ಗಳ ಬಂಡೆ ಕಂಡದ್ದೇ ತಡ, “ಇನ್ನೂ ಸ್ವಲ್ಪ ಹತ್ತಿರ ಹೋಗಿ ಯಜಮಾನ್ರೇ” ಎಂದು ಶುರು ಮಾಡುತ್ತಾರೆ. ಯಜಮಾನರ ಕೈ ಆಗಲೇ ಚುಕ್ಕಾಣಿ ತಿರುಗಿಸುತ್ತಿದೆ.

“ಬೇಡ,” ಎನ್ನುತ್ತಾರೆ ಅಕ್ಕ. “ಮರಿಗಳಿವೆ. ದೊಡ್ಡವು ಹೆದರಿ ನೀರಿಗೆ ಹಾರೋವಾಗ ಅವನ್ನ ತುಳಿದುಬಿಡ್ತಾವೆ.”

ಟೋಪಿಯವರ ಮುಖ ಊದಿಕೊಳ್ಳುತ್ತದೆ. ಇದ್ದಲ್ಲಿಂದಲೇ ಫೋಟೊ ತೆಗೆಸಿಕೊಳ್ಳಲು ಜಾಕೆಟ್ ಕಳಚಿ ಹೆಂಡತಿಯ ಕೈಗಿತ್ತು, ಬೆಂಚು ಹತ್ತಿ ನಿಲ್ಲುತ್ತಾರೆ. “ಕೂತ್ಕೊಳ್ಳಿ ಸಾರ್,” ಎನ್ನುತ್ತಾರೆ ಅಕ್ಕ. ಒಂದು ಸಲವಲ್ಲ, ನಾಲ್ಕೈದು ಸಲ. ಅಷ್ಟರಲ್ಲಿ ಅಲೆಯೊಂದು ದೋಣಿಯನ್ನು ಎತ್ತಿ ಕುಕ್ಕುತ್ತದೆ. ಬೆಂಚಿನ ಮೇಲೆ ಟೋಪಿ ಮಾತ್ರ ಉಳಿದಿದೆ.

ಯಜಮಾನರು ಎಂಜಿನ್ ನಿಲ್ಲಿಸುತ್ತಾರೆ. ಅಕ್ಕ ಎಸೆದ, ಹಗ್ಗ ಕಟ್ಟಿದ ತೇಲುವ ರಬ್ಬರ್ ಬಳೆಯನ್ನು ನೀರಿಗೆ ಬಿದ್ದ ಟೋಪಿಯವರು ಹೇಗೋ ಹಿಡಿದುಕೊಳ್ಳುತ್ತಾರೆ. ಹಗ್ಗ ಎಳೆದು, ದೋಣಿಯಂಚಿನ ಮೇಲೆ ಬಗ್ಗಿ, ಅಕ್ಕ ಅವರ ಕೊರಳಪಟ್ಟಿಗೆ ಕೈ ಹಾಕುವ ಹೊತ್ತಿಗೇ ಹಿಂದೆ ಯಾರೋ “ತಿಮಿಂಗಿಲ” ಎಂದು ಕೂಗುತ್ತಾರೆ. ಅರ್ಧ ಜನ ಆಚೆ ಬದಿಗೆ ನುಗ್ಗುತ್ತಾರೆ. ದೋಣಿ ಆ ಕಡೆಗೆ ವಾಲುತ್ತದೆ. ಈ ಬದಿ ಮೇಲೇರಿ, ಒದ್ದೆ ಬಟ್ಟೆ ಅಕ್ಕನ ಬೆರಳುಗಳಿಂದ ಜಾರುತ್ತಿದೆ.

“ಕೂರ್ರೀ ಎಲ್ರೂ!”

ಗುಡುಗಿದವರು ಯಜಮಾನರು. ಜನ ದಡಬಡ ಕೂರುತ್ತಾರೆ. ನಾನೂ. ದೋಣಿ ನೆಟ್ಟಗಾಗುತ್ತದೆ, ಗಂಡ ಹೆಂಡತಿ ಸೇರಿ ಆ ಮನುಷ್ಯನನ್ನು ಒಳಗೆಳೆದು ಕೆಡವುತ್ತಾರೆ.

ಉಪ್ಪುನೀರು ಕಾರಿಕೊಂಡು ಅವರು ಆಡುವ ಮೊದಲ ಮಾತು: “ತಿಮಿಂಗಿಲ ಬಂದಿತ್ತಂತಲ್ಲ, ನನಗೆ ಕಾಣಲೇ ಇಲ್ಲ. ಇನ್ನೊಂದು ರೌಂಡ್ ಹೋಗೋಣ್ವಾ?”

ಯಜಮಾನರು ಹೆಂಡತಿಯ ಮುಖ ನೋಡುತ್ತಾರೆ. ಅಕ್ಕ ಹಗ್ಗ ಸುತ್ತಿಡುತ್ತಿದ್ದಾರೆ. “ಆಗಲ್ಲ,” ಎಂದು ಯಜಮಾನರೇ ದೋಣಿಯನ್ನು ಬಂದರಿನತ್ತ ತಿರುಗಿಸುತ್ತಾರೆ.

ಕಟ್ಟೆಯ ಮೇಲೆ ಸೆರಗು ಹಿಂಡುತ್ತಿದ್ದ ಅಕ್ಕನನ್ನು ಕೇಳುತ್ತೇನೆ: ತಿಮಿಂಗಿಲ ಹೇಗಿತ್ತಕ್ಕಾ?

“ನಾನೆಲ್ಲಿ ನೋಡ್ದೆ? ನನ್ನ ಮುಖ ಯಾವಾಗ್ಲೂ ಜನರ ಕಡೆಗೇ ಅಲ್ವಾ,” ಎನ್ನುತ್ತಾರೆ. “ಒಂದಿನ ಬೇರೆಯವರ ದೋಣೀಲಿ ಟಿಕೆಟ್ ತಗೊಂಡು ಹಾಯಾಗಿ ಕೂರ್ಬೇಕು. ನೀರು ನೋಡ್ತಾ ಇರ್ಬೇಕು, ಅಷ್ಟೆ. ಯಾರು ಬಿದ್ರೂ ನಾನು ತಿರುಗಿ ನೋಡಲ್ಲ.”

ಸೆರಗು ಕೊಡವುತ್ತಾರೆ.

“ಇಲ್ಲ, ತಿರುಗಿ ನೋಡ್ತೀನಿ ಬಿಡಿ.”