ಯಲ್ಲಮ್ಮ ‘ಎತ್ತಿಕೊಂಡ’ ತಂಬಿಗೆ

ದೇವನೂರಿನ ಕಾಮಾಕ್ಷಮ್ಮನ ಮನೆಯಲ್ಲಿ ಕೋಳಿ ಕೂಗುವ ಹೊತ್ತಿಗೇ ಯಲ್ಲಮ್ಮ ಗೋಡೆಗೆ ಕೆಮ್ಮಣ್ಣು ಬಳಿದಾಗಿದೆ. ಈಗ ನಾರಿನ ಕುಂಚವನ್ನು ಸುಣ್ಣದಲ್ಲಿ ಅದ್ದಿ ಮದುವೆಯ ಚಿತ್ತಾರ ಎಳೆಯುತ್ತಿದ್ದಾಳೆ. ಬಾಗಿಲಲ್ಲಿ ಕಾಮಾಕ್ಷಮ್ಮನ ನಾದಿನಿ ಮೀನಾಕ್ಷಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾಳೆ. ಅಕ್ಕಿಯಲ್ಲಿ ಕಲ್ಲಿಲ್ಲ, ಕಣ್ಣೂ ಅಕ್ಕಿಯ ಮೇಲಿಲ್ಲ.

“ಕಾವಲು ಕೂರಿಸವ್ರೆ. ನೀವೂ ಅದಕ್ಕೇ ಬಂದ್ರಾ?” ಪತ್ರಿಕೆಗೆ ಬರೆಯಲು ಬಂದವರನ್ನೂ ಯಲ್ಲಮ್ಮ ನಂಬುವುದಿಲ್ಲ.

ಅಜ್ಜಂಪುರದ ಈ ಹೆಂಗಸು ಚಿತ್ತಾರದ ಹೂಬಳ್ಳಿ ಎಳೆಯಲು ಕಲಿತದ್ದು ಸಿದ್ದಪ್ಪನ ಹಳೇ ಸಾಮಾನಿನ ಅಂಗಡಿಯಲ್ಲಿ. ತುಕ್ಕು ಹಿಡಿದ ಬೀಗ, ಬಿರುಕು ಬಿಟ್ಟ ಪಿಂಗಾಣಿ ತಟ್ಟೆ, ಯಾರೋ ಉಟ್ಟು ಬಿಟ್ಟ ಸೀರೆಯ ಅಂಚು, ಏನು ಕಂಡರೂ ಕುಕ್ಕರಗಾಲಲ್ಲಿ ಕೂತುಬಿಡುತ್ತಾಳೆ. ನೆಲದ ಮಣ್ಣಿನಲ್ಲಿ ಬೆರಳಾಡಿಸಿ, ಗೆರೆ ಕೈಗೆ ಹತ್ತಿದ ಮೇಲೇ ಏಳುವುದು.

“ಹೊಸದ್ರಲ್ಲಿ ಏನೈತ್ರೀ? ಬರೀ ಮಿರಮಿರ. ಸವೆದಿದ್ರಲ್ಲೇ ಕಣ್ರೀ ಗಟ್ಟಿ ಗೆರೆ ಯಾವ್ದು ಅಂತ ಕಾಣೋದು.”

ಸಿದ್ದಪ್ಪನಿಗೆ ಬೇರೆಯೇ ಲೆಕ್ಕಾಚಾರ. “ಕೊಳ್ಳದೇ ಇರೋರು ಅಷ್ಟೊತ್ತು ನೋಡ್ತಾರಾ? ನಂಗಂತೂ ಅನುಮಾನ.”

ಹೀಗೆ ನೋಡಿ ಕಲಿಯುವುದಕ್ಕೆ ಅವಳ ಅತ್ತೆಯ ಕಾಲದಿಂದ ಮನೆಯಲ್ಲಿ ಇರುವ ಮಾತು ‘ಎತ್ತಿಕೊಳ್ಳುವುದು’. ಎಡವಟ್ಟಾದದ್ದು ಅಲ್ಲೇ. ಕಳೆದ ಮಾಘದಲ್ಲಿ ತರೀಕೆರೆಯ ಮದುವೆ ಮನೆಯೊಂದರಲ್ಲಿ ಹಳೇ ತಂಬಿಗೆ ಕಾಣೆಯಾಯಿತು. ಮನೆಯವರು ಹುಡುಕುತ್ತಿದ್ದಾಗ ಇವಳು ಅದರ ಮೇಲಿನ ಗೆರೆ ಕೈಗೆ ಹತ್ತಿದ ಹಿಗ್ಗಿನಿಂದ, “ಆ ತಂಬಿಗೇನ ನಾನು ಎತ್ಕೊಂಡೆ ಕಣವ್ವಾ” ಎಂದುಬಿಟ್ಟಳು. ಕೇಳಬೇಕೆ! ಚಿತ್ತಾರ ಅರ್ಧಕ್ಕೇ ನಿಂತಿತು, ಜೋಳಿಗೆ ಅಂಗಳದಲ್ಲಿ ಬೋರಲಾಯಿತು. ತಂಬಿಗೆ ಆಮೇಲೆ ಅವರದೇ ಬಾವಿಯಲ್ಲಿ ಸಿಕ್ಕಿತು. ಕಳ್ಳಿ ಎಂಬ ಸುದ್ದಿ ಕಡೂರಿನವರೆಗೂ ಓಡಿತು, ತಂಬಿಗೆ ಸಿಕ್ಕ ಸುದ್ದಿ ಆ ಮನೆಯ ಹೊಸಿಲನ್ನೂ ದಾಟಲಿಲ್ಲ.

ಅದಾದ ಮೇಲೆ ಅವಳನ್ನು ಕರೆದ ಮೊದಲ ಮನೆ ಇದು. ಇಲ್ಲೂ ಬಾಗಿಲು ಮುಚ್ಚಿದರೆ ಕುಂಚ ಬಿಟ್ಟು ಕಳೆ ಕೀಳಲು ಹೋಗಬೇಕು. “‘ಎತ್ಕೊಂಡೆ’ ಅನ್ಬೇಡ ಕಣೇ, ‘ಬರ್ಕೊಂಡೆ’ ಅನ್ನು” ಎಂದು ಗಂಡ ಬೀರಯ್ಯ ಹೊರಡುವಾಗಲೂ ಗೋಗರೆದಿದ್ದಾನೆ.

“ಅತ್ತೆ ಕಲಿಸಿದ ಮಾತು. ಕದ್ದಿಲ್ಲ ಅಂದ್ಮೇಲೆ ನಾನ್ಯಾಕೆ ಬಿಡ್ಲಿ?” ಎನ್ನುತ್ತಾಳೆ ಯಲ್ಲಮ್ಮ.

ಸಂಜೆಗೆ ಗೋಡೆ ತುಂಬಿದೆ. ಒಳಗಿನಿಂದ ಬಂದ ಕಾಮಾಕ್ಷಮ್ಮನ ಕಣ್ಣು ಸೀದಾ ಜೋಳಿಗೆಗೆ ಹೋಗುತ್ತದೆ. “ಏನೂ ಎತ್ಕೊಂಡಿಲ್ಲ ತಾನೇ?”

ಮೀನಾಕ್ಷಮ್ಮನ ಕೈಯಲ್ಲಿ ಮೊರ ನಿಲ್ಲುತ್ತದೆ. ಯಲ್ಲಮ್ಮ ಕೈಯ ಸುಣ್ಣವನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ.

“ಎತ್ಕೊಂಡಿವ್ನಿ ಕಣವ್ವಾ, ನಿಮ್ಮನೆ ಹಳೇ ದೀಪದ ಕಂಬಾನ. ಜೋಳಿಗೇಲಿ ಹುಡುಕ್ಬೇಡಿ, ಗೋಡೆ ಮೇಲೈತೆ.”