ಎದುರುಮನೆ ಮಾವನ ಗಾಡಿಯ ದೀಪ

ಕಳೆದ ತಿಂಗಳು ನಮ್ಮ ಕಾಲೇಜಿನ ಸಭಾಂಗಣದಲ್ಲಿ ವೇದಿಕೆಯ ದೀಪಗಳನ್ನು ಬಹಳ ದಿನಗಳ ಮೇಲೆ ಹೊತ್ತಿಸಿದರು. ಗಾಜು ಬಿಸಿಯಾಗುತ್ತಿದ್ದಂತೆ ಅದರ ಮೇಲೆ ಕೂತಿದ್ದ ಧೂಳು ಸುಡತೊಡಗಿತು. ಸಂಡೂರಿನ ಧೂಳಿನಲ್ಲಿ ಅದಿರಿನ ಪುಡಿ ಬೆರೆತಿರುತ್ತದೆ. ಸುಟ್ಟರೆ ಖಾಲಿ ಹಂಚನ್ನು ಒಲೆಯ ಮೇಲೆ ಮರೆತ ಹಾಗೆ ಒಂದು ಒಣ, ಕಹಿ ವಾಸನೆ. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು ನಕ್ಕರು. ನಾನು ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಎದುರುಮನೆ ಮಾವನ ಗಾಡಿಯ ಮುಂದೆ ನಿಂತರೆ ಬರುತ್ತಿದ್ದುದು ಇದೇ ವಾಸನೆ...

ಹೊಸಪೇಟೆಯಲ್ಲಿ ನಮ್ಮ ಬಾಗಿಲಿಗೆ ಎದುರಾಗಿ ಅವರ ಬಾಗಿಲು. ರಕ್ತಸಂಬಂಧವೇನೂ ಇರಲಿಲ್ಲ, ಆದರೂ ಹುಟ್ಟಿದಾಗಿನಿಂದ ಅವರು ನನಗೆ ಮಾವ, ಅವರ ಹೆಂಡತಿ ಅತ್ತಿ. ಮಾವನದು ಒಂದು ಹಳೆಯ ಪಿಕಪ್ ಗಾಡಿ. ಕಂಪ್ಲಿಯ ಮಿಲ್ಲುಗಳಿಂದ ಅಕ್ಕಿ ಚೀಲ ತುಂಬಿಕೊಂಡು ಸಂಡೂರಿನ ಅಂಗಡಿಗಳಿಗೆ ಇಳಿಸಿ, ಸಂಜೆ ಖಾಲಿ ಗಾಡಿಯಲ್ಲಿ ಮನೆಗೆ ಮರಳುತ್ತಿದ್ದರು. ನಾನು ಆಗಷ್ಟೇ ಓದು ಮುಗಿಸಿ ಸಂಡೂರಿನಲ್ಲಿ ಪಾಠ ಮಾಡಲು ಸೇರಿದ್ದೆ. ಸಂಜೆಯ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮಾವ ಬಸ್ ನಿಲ್ದಾಣದ ಮುಂದೆ ಗಾಡಿ ನಿಲ್ಲಿಸಿ, "ಹತ್ತ್ರಿ ಮೇಡಮ್ಮೋರೆ, ಏಸಿ ಗಾಡಿ ಐತಿ" ಎನ್ನುತ್ತಿದ್ದರು. ಆ ಗಾಡಿಯ ಕಿಟಕಿಯ ಗಾಜು ಒಮ್ಮೆ ಕೆಳಗಿಳಿದದ್ದು ಮತ್ತೆ ಮೇಲೆ ಬಂದಿರಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ನನ್ನ ತಲೆಗೂದಲು, ಮಾವನ ಮೀಸೆ ಎಲ್ಲವೂ ಕೆಂಪು.

ಮದುವೆಗೆ ಹೋದರೂ ಮಾವ ಗಾಡಿ ಕಾಣುವ ಕಡೆಗೆ ಕುರ್ಚಿ ಎಳೆದುಕೊಂಡು ಕೂರುವವರು. ಊಟದ ಎಲೆ ಬಿಟ್ಟು ಎದ್ದಾರು, ಗಾಡಿಯ ಸದ್ದಿನಲ್ಲಿ ಏನಾದರೂ ವ್ಯತ್ಯಾಸ ಕೇಳಿಸಿದರೆ. ಅಂಥವರು ಆ ವರ್ಷ ಬೇಸಿಗೆಯಲ್ಲಿ ತಮ್ಮದೇ ಮನೆಯ ಗೇಟಿನ ಕಂಬಕ್ಕೆ ಗಾಡಿ ಉಜ್ಜಿದರು. ಆಮೇಲೆ ಕಂಪ್ಲಿಯ ಮಿಲ್ಲಿನ ಗೋಡೆಗೆ. ಆಮೇಲೆ ನಿಂತಿದ್ದ ಒಂದು ಬೈಕಿಗೆ. ಗೀರುಗಳೆಲ್ಲ ಗಾಡಿಯ ಎಡಕ್ಕೇ ಇದ್ದವು.

ಅತ್ತಿ ಮೆತ್ತಗಿನ ಹೆಂಗಸು, ಆದರೆ ಹೇಳಿದ ಮಾತು ನಡೆಸುವವರು. ಬೈಕಿಗೆ ತಾಗಿಸಿದ ದಿನ ಓಣಿಯವರೆಲ್ಲ ಕೇಳುವ ಹಾಗೆ ಹೇಳಿಬಿಟ್ಟರು. "ಇನ್ನೊಮ್ಮಿ ಎಲ್ಲೆರ ತಾಗಿಸಿದ್ರ ಕೀಲಿ ನನ್ನ ಕೈಗೆ ಕೊಡಬೇಕು ನೋಡ್ರಿ. ಗಾಡಿ ಎಮ್ಮಿಗನೂರಿಗೆ ಕಳಸ್ತೀನಿ, ಅಳಿಯ ಹೊಡೀತಾನ."

"ಅದರ ಜೋಡಿ ನನ್ನೂ ಕಳಸಿಬಿಡು" ಎಂದು ಮಾವ ನಕ್ಕರು. ನಾವೂ ನಕ್ಕೆವು. ಆದರೆ ಆ ಸ್ಟಿಯರಿಂಗು ಕೈ ತಪ್ಪಿದರೆ ಮಾವನ ಹತ್ತಿರ ಬೇರೇನೂ ಉಳಿಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ಅತ್ತಿಗೂ ಗೊತ್ತಿತ್ತು.

ತಪ್ಪೆಲ್ಲ ದೀಪದ್ದು ಎಂದು ಮಾವ ತೀರ್ಮಾನಿಸಿದರು. ಲೈಟು ಮಂದ ಆಗಿವೆ, ಸಂಜೆಯಾದರೆ ರಸ್ತೆಯ ಅಂಚು ತಿಳಿಯುವುದಿಲ್ಲ ಎಂದು ವೈರಿಂಗ್ ಮಿಸ್ತ್ರಿಯ ಹತ್ತಿರ ಹೋದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಹಳೆಯ ಗಾಡಿಗಳಲ್ಲಿ ದೀಪಕ್ಕೆ ಹೋಗುವ ತಂತಿ ಸಣ್ಣದು, ಕರೆಂಟು ದಾರಿಯಲ್ಲೇ ಸೊರಗುತ್ತದೆ. ಮಿಸ್ತ್ರಿ ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು, ನಡುವೆ ರಿಲೇ ಎಂಬ ಸಣ್ಣ ಸ್ವಿಚ್ಚು ಕೂರಿಸಿ ಕೊಟ್ಟ. ಆ ದಿನ ಮಾವ ಎರಡೂ ದೀಪಗಳ ಗಾಜಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು, ನಮ್ಮ ಕಾಂಪೌಂಡ್ ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದರು. ಗೋಡೆಯ ಮೇಲೆ ವಿಭೂತಿಯ ಗೆರೆಗಳು ನೆರಳಾಗಿ ಬಿದ್ದವು. ಓಣಿಯ ಮಕ್ಕಳೆಲ್ಲ ಕುಣಿದರು.

ಕೆಲವೇ ವಾರ... ಮತ್ತೆ ಬೆಳಕು ಸಾಲದು ಎಂದರು. ದೊಡ್ಡ ಬಲ್ಬು ಹಾಕಿಸಿದರು. ಅದರ ಕಾವಿಗೆ ಧೂಳು ಸುಡುತ್ತಿತ್ತು, ಕೊನೆಗೆ ಹೋಲ್ಡರೇ ಕರಗಿತು. ಕಡೆಗೆ ಹೊಸ ನಮೂನೆಯ ಬಿಳಿ ಎಲ್‌ಇಡಿ ಬಂತು. ಹಂಪಿ ಉತ್ಸವದ ಫೋಕಸ್ ಲೈಟು ತಂದು ಕಟ್ಟುವುದೊಂದು ಬಾಕಿ ಎಂದು ಮಿಸ್ತ್ರಿ ಚೇಷ್ಟೆ ಮಾಡಿದನಂತೆ. ಅದಿರಿನ ರಸ್ತೆಯಲ್ಲಿ ಓಡಾಡುವವರು ದೀಪಕ್ಕೆ ಹಳದಿ ಹಾಳೆ ಅಂಟಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಬಿಳಿ ಬೆಳಕು ಕೆಂಪು ಧೂಳಿನಲ್ಲಿ ಗೋಡೆ ಕಟ್ಟಿದ ಹಾಗೆ ನಿಲ್ಲುತ್ತದೆ, ಹಳದಿ ಒಂದಿಷ್ಟು ಒಳಗೆ ಹೋಗುತ್ತದೆ. ಮಿಸ್ತ್ರಿ ಅಂಟಿಸಿಯೇ ಕಳಿಸಿದ್ದ. ಮಾವ ಮನೆಗೆ ಬಂದವರೇ ಉಗುರಿನಿಂದ ಅದನ್ನು ಕಿತ್ತು ಹಾಕಿದರು. ದುಡಿದು ತಂದ ಬೆಳಕಿಗೆ ಮುಸುಕು ಯಾಕೆ ಎಂಬುದು ಅವರ ವಾದ. ಆಮೇಲೆ ಎದುರಿನಿಂದ ಬರುವ ಲಾರಿಗಳವರು ಕಣ್ಣು ಕುಕ್ಕಿ ಬೈಯುತ್ತ ಹೋಗುವರು, ಮಾವನೂ ತಿರುಗಿ ಬೈಯುವರು. ನಮ್ಮ ಪಯಣದ ಹೊಸ ಮಾತುಕತೆ ಅದೇ ಆಗಿತ್ತು.

ಆ ಸಂಜೆ ಹೊತ್ತು ಮುಳುಗಿತ್ತು, ಗುಡ್ಡದ ತಲೆಯ ಮೇಲೆ ಮಾತ್ರ ಸ್ವಲ್ಪ ಬೆಳಕು ಉಳಿದಿತ್ತು. ಸಂಡೂರಿನ ಗುಡ್ಡ ಇಳಿದು ಬಯಲಿಗೆ ಬಂದಿದ್ದೆವು. ಮಾವ ಮೊಮ್ಮಗಳ ವಿಷಯ ಹೇಳುತ್ತಿದ್ದರು, ಶಾಲೆಗೆ ಹೋಗುವಾಗ ಅಳುತ್ತಾಳೆ, ಬರುವಾಗಲೂ ಅಳುತ್ತಾಳೆ ಎಂದು. ಎದುರಿನಿಂದ ಅದಿರಿನ ಲಾರಿಯೊಂದು ಹಾದು ಹೋಯಿತು. ಅದರ ಹಿಂದೆ ಧೂಳು ಎದ್ದು, ನಮ್ಮ ದೀಪದ ಬೆಳಕು ಅದರಲ್ಲಿ ಒಗೆದ ಬಟ್ಟೆಯ ಹಾಗೆ ತೂಗಿತು. ಮಾವ ವೇಗ ತಗ್ಗಿಸಲಿಲ್ಲ. ಧೂಳು ನಿಧಾನವಾಗಿ ಚದುರಿತು.

ರಸ್ತೆಯ ಎಡಕ್ಕೆ ಹುಲ್ಲಿನ ಹೊರೆ ಹೊತ್ತ ಹೆಂಗಸರು ಸಾಲಾಗಿ ನಡೆಯುತ್ತಿದ್ದರು. ಹೊಲದ ಕೆಲಸ ಮುಗಿಸಿ ಊರಿಗೆ ಹೊರಟವರು. ಬೆಳಕು ನೇರವಾಗಿ ಅವರ ಬೆನ್ನ ಮೇಲಿತ್ತು. ಹಿಮ್ಮಡಿಗೆ ಮೆತ್ತಿದ ಮಣ್ಣು ಕೂಡ ಕಾಣುತ್ತಿತ್ತು. ಅಷ್ಟು ಸ್ಪಷ್ಟವಾಗಿ ಕಾಣುತ್ತಿದ್ದುದರಿಂದಲೇ ನಾನು ಏನೂ ಅನ್ನಲಿಲ್ಲ. ಮಾವ ಈಗ ಬ್ರೇಕು ತುಳಿಯುತ್ತಾರೆ, ಈಗ ಬಲಕ್ಕೆ ತಿರುಗಿಸುತ್ತಾರೆ ಎಂದುಕೊಂಡೆ. ಅವರ ಕಾಲು ಕದಲಲಿಲ್ಲ. ಮುಖ ನೋಡಿದೆ. ನೆಮ್ಮದಿಯಾಗಿ ಮುಂದೆ ನೋಡುತ್ತ ಇನ್ನೂ ಮೊಮ್ಮಗಳ ಮಾತೇ ಆಡುತ್ತಿದ್ದರು.

"ಮಾವಾ, ಮಂದಿ."

"ಎಲ್ಲಿ?" ಎಂದರು ಮಾವ.

ಆ ಒಂದು ಪದ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದರಲ್ಲಿ ಗಾಬರಿ ಇರಲಿಲ್ಲ. ಯಾರೋ ಗಿಡದ ಮೇಲೆ ಹಕ್ಕಿ ತೋರಿಸಿದಾಗ ಕೇಳುವ ಹಾಗೆ ಕೇಳಿದರು. ನಾನು ಎರಡೂ ಕೈಯಿಂದ ಸ್ಟಿಯರಿಂಗು ಹಿಡಿದು ಬಲಕ್ಕೆ ಎಳೆದೆ. ಕಿಟಕಿಯ ಪಕ್ಕ ಏನೋ ಪರಪರ ಹರಿದ ಸದ್ದಾಯಿತು. ಗಾಡಿ ಓಲಾಡಿ, ರಸ್ತೆಗೆ ಅಡ್ಡಲಾಗಿ ನಿಂತಿತು. ಹಿಂದೆ ಮುಂದೆ ಬೇರೆ ವಾಹನ ಇರಲಿಲ್ಲ. ಇದ್ದಿದ್ದರೆ...

ಸಾಲಿನ ಕೊನೆಯಲ್ಲಿದ್ದ ಮುದುಕಿಯ ಹೊರೆ ನಮ್ಮ ಕನ್ನಡಿಗೆ ಸಿಕ್ಕಿತ್ತು. ಆಕೆ ಮಣ್ಣಿನಲ್ಲಿ ಕೂತಿದ್ದಳು, ತಲೆಯ ಸಿಂಬಿ ಕುತ್ತಿಗೆಗೆ ಜಾರಿತ್ತು. ಮೈಗೆ ಏನೂ ಆಗಿರಲಿಲ್ಲ. ಎದ್ದು, ಸೀರೆ ಕೊಡವಿಕೊಂಡು, ಮಾವನ ಬದಿಯ ಕಿಟಕಿಗೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಆಕೆ ಕೇಳಿದಳು, "ಇಷ್ಟ್ ಬೆಳಕ ಹಚ್ಚಿಗೊಂಡು ಬಂದೀಯಲ್ಲೋ, ಇದರಾಗೂ ನಾವು ಕಾಣ್ಲಿಲ್ಲೇನು ನಿನಗ?"

ಉಳಿದವರು ಗಾಡಿಯ ಮುಂದೆ ನಿಂತಿದ್ದರು. ಬಿಳಿ ಬೆಳಕು ಅವರ ಮುಖಕ್ಕೇ ಬೀಳುತ್ತಿತ್ತು, ಕೈ ಅಡ್ಡ ಹಿಡಿದುಕೊಂಡಿದ್ದರು. ಮಾವ ನನ್ನ ಕಡೆ ಬಾಗಿ ಬಹಳ ಮೆಲ್ಲಗೆ ಕೇಳಿದರು.

"ಎಷ್ಟ್ ಮಂದಿ ಅದಾರವ್ವಾ?"

ಆಗ ನನಗೆ ಎಲ್ಲ ತಿಳಿಯಿತು. ಗೇಟಿನ ಕಂಬ, ಮಿಲ್ಲಿನ ಗೋಡೆ, ರಿಲೇ, ಬಲ್ಬು, ಕಿತ್ತು ಹಾಕಿದ ಹಳದಿ ಹಾಳೆ. ತಿಂಗಳುಗಟ್ಟಲೆ ಮಾವ ಗಾಡಿಯ ಕಣ್ಣಿಗೆ ಔಷಧಿ ಮಾಡಿಸುತ್ತಿದ್ದರು.

ಅವರು ಕೆಳಗಿಳಿದು ಕೈಮುಗಿದರು. ಮುದುಕಿ ನಿಂತಿದ್ದ ಕಡೆಗಲ್ಲ, ಸ್ವಲ್ಪ ಆಚೆಗೆ, ಬರೀ ರಸ್ತೆಗೆ. ತಪ್ಪಾಯಿತು, ಹೊರೆ ಗಾಡಿಗೆ ಹಾಕಿ, ಊರ ತನಕ ಬಿಡುತ್ತೇನೆ ಎಂದರು. "ನಿನ್ನ ಗಾಡಿ ಹತ್ತಾಕ ನನಗೇನು ಬಾಳು ಬ್ಯಾಸರಾಗಿಲ್ಲ ಬಿಡಪಾ" ಎಂದಳು ಮುದುಕಿ. ಉಳಿದವರು ನಕ್ಕರು. ಆಕೆಯೂ ನಕ್ಕಳು. ಹೊರೆ ಎತ್ತಿಕೊಂಡು ಕತ್ತಲಿನೊಳಗೆ ನಡೆದು ಹೋದರು.

ನನಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ಮಾವನೇ ಹೊಡೆದರು, ಎತ್ತಿನ ಬಂಡಿಯ ಹಾಗೆ ನಿಧಾನವಾಗಿ. ನಾನು ಒಂದೊಂದನ್ನೇ ಹೇಳುತ್ತ ಬಂದೆ. ಎಡಕ್ಕೆ ಸೈಕಲ್, ಮುಂದೆ ಎಮ್ಮೆ, ಈಗ ಯಾರೂ ಇಲ್ಲ. ಅವರು ಅದರಂತೆ ತಿರುಗಿಸಿದರು. ಯಾಕೆ ಹೇಳುತ್ತಿದ್ದೀ ಎಂದು ಕೇಳಲಿಲ್ಲ. ಓಣಿಯ ತಿರುವಿನಲ್ಲಿ ಮಾತ್ರ ಗಾಡಿ ನಿಲ್ಲಿಸಿ, "ನಿಮ್ಮತ್ತಿ ಮುಂದ ಏನೂ ಅನಬ್ಯಾಡವ್ವಾ. ಲೈಟು ಎಡಕ್ಕ ಬೀಳವಲ್ದು, ನಾಳೆ ಸರಿ ಮಾಡಸ್ತೀನಿ" ಎಂದರು.

ಅತ್ತಿ ಗೇಟು ತೆಗೆದರು. ಕನ್ನಡಿಗೆ ಸಿಕ್ಕಿದ್ದ ಹುಲ್ಲನ್ನು ನೋಡಿದರು, ನನ್ನ ಮುಖ ನೋಡಿದರು. ಮಾವ ಇನ್ನೂ ಸೀಟಿನಿಂದ ಇಳಿದಿರಲಿಲ್ಲ. ನಾನು ಅವರ ಎದುರಿಗೇ ಹೇಳಿದೆ, "ಅತ್ತೀ, ಮಾವನಿಗೆ ಕಣ್ಣು ಕಾಣವಲ್ವು."

ಮಾವ ಎಂಜಿನ್ ಆರಿಸಿದರು. ಅತ್ತಿ ಕೈ ಚಾಚಿದರು. ಮಾವ ಕೀಲಿಯನ್ನು ಅವರ ಕೈಗೆ ಕೊಡದೆ ಬಾನೆಟ್ಟಿನ ಮೇಲೆ ಇಟ್ಟು, ಗೋಡೆ ಮುಟ್ಟುತ್ತ ಒಳಗೆ ಹೋದರು.

ಬಳ್ಳಾರಿಯ ಡಾಕ್ಟರು ಕಣ್ಣಿನ ನರ ಒಣಗಿದೆ ಎಂದರಂತೆ. ಅಂಚಿನಿಂದ ಶುರುವಾಗಿ ನಡುವಿನ ಕಡೆ ಬರುವ ಕುರುಡು, ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಔಷಧಿ ಹಾಕಿ ಕಾಯಬೇಕು. ಗಾಡಿ ಎಮ್ಮಿಗನೂರಿಗೆ ಹೋಯಿತು. ಮಾವ ನನ್ನೊಡನೆ ಮಾತು ಬಿಟ್ಟರು.

ಕಟ್ಟೆಯ ಮೇಲೆ ಕೂತು ಓಣಿಯವರ ಜೊತೆ ಹರಟುತ್ತಿದ್ದವರು ನನ್ನ ಚಪ್ಪಲಿಯ ಸದ್ದಿಗೆ ಸುಮ್ಮನಾಗುತ್ತಿದ್ದರು. ನೀನು ಮಾಡಿದ್ದೇ ಸರಿ ಎಂದು ಅವ್ವ ಹೇಳುತ್ತಿದ್ದಳು. ಸರಿಯೆಂದು ನನಗೂ ಗೊತ್ತಿತ್ತು. ಆದರೂ ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಆ ಹಿಮ್ಮಡಿಗಳು, ಆ ಕದಲದ ಕಾಲು. ಆ ಮಂಪರಿನಲ್ಲಿ ನಾನು ಸ್ಟಿಯರಿಂಗು ಎಳೆಯುವುದು ಒಮ್ಮೊಮ್ಮೆ ತಡವಾಗುತ್ತಿತ್ತು...

ವರ್ಷವೊಂದು ಕಳೆದಿರಬೇಕು. ಒಂದು ಮಧ್ಯಾಹ್ನ ಅವರ ಕಟ್ಟೆಯ ಮುಂದೆ ಹಾಯುವಾಗ ಮಾವ ಕರೆದರು. "ಬಾರವ್ವಾ, ಕುಂದ್ರು." ಕೂತೆ. ಮುಖವನ್ನು ರಸ್ತೆಯ ಕಡೆಗೇ ಇಟ್ಟುಕೊಂಡು ಕೇಳಿದರು.

"ಅವತ್ತು ಅಲ್ಲಿ ಯಾರ‍್ಯಾರು ಇದ್ರು? ಮಲಗಿದ್ರ ನನಗ ಬರೇ ಬೆಳಕ ಬರ್ತೈತಿ, ಅದರಾಗ ಮಂದಿ ಇರಂಗಿಲ್ಲ. ನೀ ನೋಡೀಯಲ್ಲ, ಹೇಳು."

ನಾನು ಹೇಳಿದೆ. ಮುಂದಿದ್ದವಳು ಎತ್ತರದ ಹೆಂಗಸು, ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟಿದ್ದಳು. ಅವಳ ಹಿಂದಿನವಳ ಸೊಂಟದಲ್ಲಿ ಕುಡುಗೋಲು. ಒಬ್ಬಳು ಎಳೆಯ ಹುಡುಗಿ, ಹೊಸ ಸೊಸೆ ಇದ್ದಿರಬಹುದು, ಹಸಿರು ಬಳೆ. ಕೊನೆಗೆ ಮುದುಕಿ. ಮಾವ ಪ್ರತಿಯೊಬ್ಬರ ಹತ್ತಿರ ನಿಂತು ನೋಡುವವರ ಹಾಗೆ ತಲೆ ಆಡಿಸುತ್ತ ಕೇಳಿದರು. ಆಮೇಲೆ, "ಆಕಿ ಖರೇನ ನಕ್ಕಳೇನು?" ಎಂದರು. ಹೌದು ಮಾವ, ನಕ್ಕಳು ಎಂದೆ.

ಅಂದಿನಿಂದ ಆಗಾಗ ಕರೆಯುತ್ತಿದ್ದರು. ಬೇರೆ ಮಾತಿಲ್ಲ, ಅದೊಂದೇ. ತಾವು ಸೀರೆಯ ಬಣ್ಣ ಮರೆತಿದ್ದರೆ ಮತ್ತೆ ಕೇಳುವರು, ನಾನು ಸಾಲು ತಪ್ಪಿಸಿದರೆ ತಿದ್ದುವರು. ನನ್ನ ಮೇಲಿನ ಸಿಟ್ಟು ಹೋಯಿತೋ ಇಲ್ಲವೋ, ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಷ್ಟು ಹೇಳಿ ಮನೆಗೆ ಹೋದ ರಾತ್ರಿಗಳಲ್ಲಿ ನನಗೆ ನಿದ್ದೆ ಬರುತ್ತಿತ್ತು.

ಮಾವ ಹೋದ ವರ್ಷ ತೀರಿಕೊಂಡರು. ಈಗ ನಾನು ಸಂಜೆ ಬಸ್ಸಿನಲ್ಲೇ ಬರುತ್ತೇನೆ. ಆ ಬಯಲಿನಲ್ಲಿ ಧೂಳು ಎದ್ದರೆ ಕಾಲು ತಾನಾಗಿ ನೆಲವನ್ನು ಒತ್ತುತ್ತದೆ. ಆ ಹೆಂಗಸರು ಯಾರೋ, ಯಾವ ಊರೋ, ಅವರಿಗೆ ಆ ಸಂಜೆ ನೆನಪಿದೆಯೋ ಇಲ್ಲವೋ. ಅಲ್ಲಿ ನೋಡಿದವಳು ನಾನೊಬ್ಬಳೇ, ನೋಡಬೇಕೆಂದು ಕೇಳಿದವರು ಮಾವ ಒಬ್ಬರೇ. ಮೊನ್ನೆ ರಾತ್ರಿ ಹಾಸಿಗೆಯಲ್ಲಿ ಆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೆನೆದುಕೊಳ್ಳುತ್ತ ಬಂದೆ. ಆ ಹೊಸ ಸೊಸೆ ಕುಡುಗೋಲಿನವಳಿಗಿಂತ ಮುಂದಿದ್ದಳೋ ಹಿಂದಿದ್ದಳೋ, ನನಗೇ ತಿಳಿಯದಾಯಿತು. ತಿದ್ದುವವರು ಇರಲಿಲ್ಲ.